ತೋಳಮಾನವನ ಅಂಗೈ

ಹುಣ್ಣಿಮೆ ರಾತ್ರಿ, ಮೈತುಂಬ ಕೂದಲು, ಕೊನೆಗೊಂದು ಬೆಳ್ಳಿಯ ಗುಂಡು. ತೋಳಮಾನವನ ಚಿತ್ರಗಳೆಂದರೆ ಇಷ್ಟೇ ಎಂದು ಮೂಗು ಮುರಿಯುವವರು ಬಹಳ. ಅವರ ಮಾತು ತೀರ ಸುಳ್ಳಲ್ಲ. ಈ ಬೆಳೆಯಲ್ಲಿ ಜೊಳ್ಳೇ ಹೆಚ್ಚು. ಆದರೆ ಕಾಳನ್ನು ಆರಿಸಬೇಕಾದವರು ತೋಳದ ಹಲ್ಲನ್ನಲ್ಲ, ಮನುಷ್ಯನ ಕೈಯನ್ನು ನೋಡಬೇಕು.

ಕಥೆಯಂತೂ ಹಳೆಯದು. ಕ್ರಿ.ಶ. ಮೊದಲ ಶತಮಾನದ ರೋಮನ್ ಲೇಖಕ ಪೆಟ್ರೋನಿಯಸ್‌ನ ಕೃತಿಯಲ್ಲೇ, ಬೆಳದಿಂಗಳಲ್ಲಿ ಗೋರಿಗಳ ಬಳಿ ಬಟ್ಟೆ ಕಳಚಿ ತೋಳವಾಗುವ ಸೈನಿಕನೊಬ್ಬನಿದ್ದಾನೆ. ಚದುರಿಬಿದ್ದಿದ್ದ ಇಂಥ ನಂಬಿಕೆಗಳಿಗೆ ಸಿನಿಮಾದ ಕಟ್ಟುಪಾಡು ಹಾಕಿದವರಲ್ಲಿ ಮುಖ್ಯನಾದವನು 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕಥೆಗಾರ ಕರ್ಟ್ ಸಿಯೊಡ್ಮಾಕ್. ನಾಜಿಗಳ ಕಾಲದಲ್ಲಿ ಜರ್ಮನಿ ತೊರೆದ ಯಹೂದಿ. ಅವನ ತೋಳಮಾನವನಿಗೆ ಮುಂದಿನ ಬಲಿಯ ಅಂಗೈಯಲ್ಲಿ ಐದು ಮೊನೆಯ ನಕ್ಷತ್ರ ಕಾಣುತ್ತದೆ. ಅದೇ ವರ್ಷ ಜರ್ಮನಿಯ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ಧರಿಸಬೇಕೆಂಬ ಆಜ್ಞೆ ಹೊರಟಿತ್ತು. ಅದಕ್ಕಿದ್ದದ್ದು ಆರು ಮೊನೆ, ನಿಜ; ಆದರೂ ಎರಡನ್ನೂ ಜೋಡಿಸಿ ಓದುವುದನ್ನು ತಳ್ಳಿಹಾಕಲು ಮನಸ್ಸು ಬಾರದು.

ಆ ಚಿತ್ರದಲ್ಲಿ ತೋಳಮಾನವನಾದ ಲ್ಯಾರಿ ಟಾಲ್ಬಟ್‌ನನ್ನು ಬೆಳ್ಳಿ ಹಿಡಿಯ ಊರುಗೋಲಿನಿಂದ ಹೊಡೆದು ಕೊಲ್ಲುವವನು ಸ್ವಂತ ತಂದೆ. ಸತ್ತದ್ದು ಮಗ ಎಂಬುದು ಅವನಿಗೆ ತಿಳಿಯುವುದು ಆಮೇಲೆ. 2010ರ ಮರುನಿರ್ಮಾಣ ತಂದೆಯನ್ನೂ ತೋಳವಾಗಿಸಿ ಇಬ್ಬರಿಗೂ ಕುಸ್ತಿ ಹಚ್ಚಿತು. ಮೇಕಪ್‌ಗೆ ಆಸ್ಕರ್ ಬಂತು, ಕರುಳು ಹಿಂಡುವ ಆ ಗಳಿಗೆ ಹೋಯಿತು.

ನೋಡಲೇಬೇಕಾದ ಒಂದೇ ಚಿತ್ರ ಯಾವುದೆಂದರೆ, ಜಾನ್ ಲ್ಯಾಂಡಿಸ್‌ನ ‘ಆನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’ (1981). ಕತ್ತಲಿಲ್ಲ, ಮಂಜಿಲ್ಲ, ದೀಪ ಉರಿಯುತ್ತಿರುವ ಸಾಧಾರಣ ಮನೆಯೊಂದರಲ್ಲಿ, ಹಿನ್ನೆಲೆಯಲ್ಲಿ ಸ್ಯಾಮ್ ಕುಕ್‌ನ ಹಾಡು ಕೇಳುತ್ತಿರುವಾಗ, ನಾಯಕ ಡೇವಿಡ್ ತನ್ನ ಕೈಯನ್ನು ಮುಖದೆದುರು ಹಿಡಿಯುತ್ತಾನೆ. ಅಂಗೈ ಹಿಟ್ಟು ಎಳೆದಂತೆ ಉದ್ದವಾಗುತ್ತದೆ. ಅವನ ಕಣ್ಣಲ್ಲಿರುವುದು ಕ್ರೌರ್ಯವಲ್ಲ, ದಿಗಿಲು. ಇದು ಕಂಪ್ಯೂಟರಿನ ಕೈಚಳಕವೂ ಅಲ್ಲ: ರಿಕ್ ಬೇಕರ್‌ನ ತಂಡ ಒಳಗಿನಿಂದ ಹಿಗ್ಗಿಸಬಹುದಾದ ಕೃತಕ ಅಂಗಗಳನ್ನು ಮಾಡಿತ್ತು. ಕೃತಕ ಚರ್ಮದಲ್ಲಿ ನೆಟ್ಟ ಕೂದಲನ್ನು ಒಳಕ್ಕೆಳೆಯುತ್ತ ಚಿತ್ರಿಸಿ, ರೀಲನ್ನು ಹಿಮ್ಮುಖವಾಗಿ ಓಡಿಸಿದಾಗ ಕೂದಲು ಬೆಳೆಯತೊಡಗಿತು. ಸ್ಪರ್ಧಾ ವಿಭಾಗವಾದ ಮೇಲೆ ಮೇಕಪ್‌ನ ಮೊದಲ ಆಸ್ಕರ್ ಸಂದದ್ದು ಈ ಕೆಲಸಕ್ಕೇ.

ಕೆನಡಾದ ‘ಜಿಂಜರ್ ಸ್ನ್ಯಾಪ್ಸ್’ (2000) ಮೈನೆರೆಯುವ ಹುಡುಗಿಯ ಆತಂಕಕ್ಕೆ ಇದೇ ರೂಪಾಂತರವನ್ನು ಹೊಂದಿಸಿ ಗೆದ್ದಿತು. ಅರುಣಾಚಲದ ಕಾಡಿನಲ್ಲಿ ನಡೆಯುವ ಹಿಂದಿಯ ‘ಭೇಡಿಯಾ’ (2022) ನಗೆಯ ಕಡೆಗೇ ಹೆಚ್ಚು ವಾಲುತ್ತದೆ.

ಲ್ಯಾಂಡಿಸ್‌ನ ಚಿತ್ರದ ಕೊನೆಯ ದೃಶ್ಯದಲ್ಲಿ ಲಂಡನ್ನಿನ ಓಣಿಯೊಂದರಲ್ಲಿ ಪೊಲೀಸರು ಮೃಗಕ್ಕೆ ಗುಂಡು ಹಾರಿಸುತ್ತಾರೆ. ಬಿದ್ದಿರುವುದು ಬೆತ್ತಲೆ ಹುಡುಗ. ಅವನನ್ನು ಪ್ರೀತಿಸಿದ ನರ್ಸ್ ಅಳುತ್ತಿರುವಾಗಲೇ ಪರದೆ ಕಪ್ಪಾಗಿ, ಕುಣಿಸುವಂಥ ಹಾಡೊಂದು ಶುರುವಾಗುತ್ತದೆ.