ಟಿ ವೀಸಾ

ಮಾನವ ಕಳ್ಳಸಾಗಣೆಗೆ ಬಲಿಯಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿರುವ ವಿದೇಶೀಯರು ಅಲ್ಲೇ ಉಳಿದು, ದುಡಿದು, ಮುಂದೆ ಕಾಯಂ ನಿವಾಸಿಗಳಾಗಲು ಅನುವು ಮಾಡಿಕೊಡುವ ವೀಸಾ. 2000ನೇ ಇಸವಿಯ ಅಕ್ಟೋಬರ್ 28ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಸಹಿ ಹಾಕಿದ ಸಂತ್ರಸ್ತರ ಸಂರಕ್ಷಣಾ ಕಾಯಿದೆಯಿಂದ ಇದು ಹುಟ್ಟಿತು. ಇತರ ಕೆಲವು ಗಂಭೀರ ಅಪರಾಧಗಳಿಗೆ ಬಲಿಯಾದವರಿಗೆ ಸಿಗುವ ಯು ವೀಸಾ ಬಂದದ್ದೂ ಆಗಲೇ. ವರ್ಷಕ್ಕೆ ಗರಿಷ್ಠ 5,000 ಮಂದಿಗೆ ಟಿ ವೀಸಾ ಕೊಡಬಹುದು. ಅವರ ಕುಟುಂಬದವರು ಈ ಲೆಕ್ಕಕ್ಕೆ ಸೇರುವುದಿಲ್ಲ.

ಈ ಕಾಯಿದೆಗೆ ದಾರಿ ಮಾಡಿದ ಘಟನೆಗಳಲ್ಲಿ ಮುಖ್ಯವಾದದ್ದು ಕ್ಯಾಲಿಫೋರ್ನಿಯಾದ ಎಲ್ ಮಾಂಟೆಯದು. 1995ರ ಆಗಸ್ಟ್ 2ರಂದು ಅಲ್ಲಿನ ಒಂದು ವಸತಿ ಸಮುಚ್ಚಯದ ಮೇಲೆ ಅಧಿಕಾರಿಗಳು ದಾಳಿ ಮಾಡಿದಾಗ 72 ಮಂದಿ ಥಾಯ್ ಕಾರ್ಮಿಕರು ಸಿಕ್ಕರು. ಸುತ್ತಲೂ ಮುಳ್ಳುತಂತಿ, ಬಾಗಿಲಲ್ಲಿ ಕಾವಲು. ಒಳಗೆ ಬೆಳಗಿನಿಂದ ರಾತ್ರಿಯವರೆಗೆ ಬಟ್ಟೆ ಹೊಲಿಗೆ. ಕೆಲವರು ಹೊರಜಗತ್ತನ್ನು ಕಂಡು ವರ್ಷಗಳೇ ಆಗಿದ್ದವು. ಬಿಡುಗಡೆಯಾದ ಇವರನ್ನು ಸರ್ಕಾರ ಮೊದಲು ಒಯ್ದದ್ದು ವಲಸೆ ಇಲಾಖೆಯ ಬಂಧನ ಕೇಂದ್ರಕ್ಕೆ. ಸರಿಯಾದ ಕಾಗದಪತ್ರಗಳಿಲ್ಲದ ಅವರು ಕಾನೂನಿನ ಕಣ್ಣಿಗೆ ಅಕ್ರಮ ವಲಸಿಗರಾಗಿದ್ದರು. ಸ್ಥಳೀಯ ಏಷ್ಯನ್ ಸಂಘಟನೆಗಳು ಪಟ್ಟು ಹಿಡಿದು ಹೋರಾಡಿದ ಮೇಲೆ ಅವರು ಹೊರಬಂದರು. ಅವರಂಥವರಿಗೆಂದೇ ವೀಸಾ ಇರಲಿಲ್ಲವಾದ್ದರಿಂದ, ಅಪರಾಧಗಳ ಬಗ್ಗೆ ಮಾಹಿತಿ ಕೊಡುವ ಸಾಕ್ಷಿಗಳಿಗೆ ಮೀಸಲಾದ ಎಸ್ ವೀಸಾವನ್ನು ಬಳಸಿಕೊಳ್ಳಬೇಕಾಯಿತು. ದುಡಿಸಿಕೊಂಡವನ ಕೈಯಲ್ಲಿರುವ ದೊಡ್ಡ ಅಸ್ತ್ರವೇ ‘ಪೊಲೀಸರ ಹತ್ತಿರ ಹೋದರೆ ನಿನ್ನನ್ನೇ ಹಿಡಿದು ಊರಿಗೆ ಅಟ್ಟುತ್ತಾರೆ’ ಎಂಬ ಬೆದರಿಕೆ. ಎಲ್ ಮಾಂಟೆಯಲ್ಲಿ ಸರ್ಕಾರವೇ ಅದನ್ನು ನಿಜ ಮಾಡಿ ತೋರಿಸಿತ್ತು. ಟಿ ವೀಸಾದ ತಿರುಳು ಈ ಅಸ್ತ್ರವನ್ನು ಕಿತ್ತುಕೊಳ್ಳುವುದು.

ವೀಸಾ ಪಡೆಯಲು ಗಡಿಯನ್ನು ಕದ್ದು ದಾಟಿ ಬಂದಿರಬೇಕೆಂದೇನೂ ಇಲ್ಲ. ಸಕ್ರಮವಾಗಿ ವಿಮಾನದಲ್ಲಿ ಬಂದಿಳಿದವರೂ ಸಂತ್ರಸ್ತರಾಗಬಹುದು. ಬಲಪ್ರಯೋಗ, ವಂಚನೆ ಅಥವಾ ಒತ್ತಾಯದಿಂದ ಜೀತಕ್ಕೋ ಲೈಂಗಿಕ ದಂಧೆಗೋ ಸಿಕ್ಕಿದ್ದರೆ ಸಾಕು. 18 ವರ್ಷದೊಳಗಿನವರನ್ನು ಲೈಂಗಿಕ ದಂಧೆಗೆ ಹಚ್ಚಿದ್ದರೆ ಬಲಪ್ರಯೋಗವನ್ನು ಸಾಬೀತುಪಡಿಸುವ ಅಗತ್ಯವೂ ಇಲ್ಲ. ಅರ್ಜಿದಾರರು ಈ ಅಪರಾಧದ ಕಾರಣದಿಂದಲೇ ಅಮೆರಿಕದಲ್ಲಿರಬೇಕು. ವಾಪಸು ಕಳಿಸಿದರೆ ಅಸಾಮಾನ್ಯವಾದ, ತೀವ್ರ ಹಾನಿ ಆಗುವಂತಿರಬೇಕು. ತನಿಖಾ ಸಂಸ್ಥೆಗಳು ಸಮಂಜಸವಾಗಿ ಕೇಳಿದ ನೆರವನ್ನು ಕೊಟ್ಟಿರಬೇಕು. ಈ ಕೊನೆಯ ಷರತ್ತಿನಿಂದ ಅಪ್ರಾಪ್ತರಿಗೂ, ಆಘಾತದಿಂದ ಮಾತಾಡುವ ಸ್ಥಿತಿಯಲ್ಲಿಲ್ಲದವರಿಗೂ ವಿನಾಯಿತಿ ಇದೆ. ವಿನಾಯಿತಿ ಇದ್ದರೂ ಷರತ್ತು ಸಣ್ಣದಲ್ಲ. ಊರಿನಲ್ಲಿರುವ ತಂದೆತಾಯಿ, ಮಕ್ಕಳ ಮನೆಗೆ ದಲ್ಲಾಳಿಯ ಕಡೆಯವರು ಹೋಗಿ ಬೆದರಿಸಬಲ್ಲರು ಎಂದು ಗೊತ್ತಿರುವವರು ಪೊಲೀಸರೆದುರು ಹೆಸರು ಹೇಳಲು ಹಿಂಜರಿಯುವುದು ಸಹಜ. ಪ್ರತೀಕಾರದ ಅಪಾಯವಿದ್ದರೆ ತಂದೆತಾಯಿಯನ್ನೂ 18 ವರ್ಷದೊಳಗಿನ ಅವಿವಾಹಿತ ಒಡಹುಟ್ಟಿದವರನ್ನೂ ಕರೆಸಿಕೊಳ್ಳಬಹುದೆಂಬ ನಿಯಮ ಇದನ್ನು ಮನಗಂಡೇ ಬಂದದ್ದು. ಗಂಡ ಅಥವಾ ಹೆಂಡತಿ ಹಾಗೂ ಮಕ್ಕಳಿಗೆ ಅಂಥ ಅಪಾಯವನ್ನು ತೋರಿಸದೆಯೂ ಅರ್ಜಿ ಹಾಕಬಹುದು.

ಅರ್ಜಿಗೆ ಶುಲ್ಕವಿಲ್ಲ. ಪೊಲೀಸರ ದೃಢೀಕರಣ ಪತ್ರ ಇದ್ದರೆ ಅನುಕೂಲ, ಕಡ್ಡಾಯವಲ್ಲ. ಸಂತ್ರಸ್ತರ ಸ್ವಂತ ಹೇಳಿಕೆಯೇ ಮುಖ್ಯ ಆಧಾರ. ಅರ್ಜಿಯ ವಿವರಗಳನ್ನು ಗುಟ್ಟಾಗಿಡಬೇಕೆಂದೂ, ಶೋಷಿಸಿದವರು ಕೊಟ್ಟ ಮಾಹಿತಿಯೊಂದನ್ನೇ ನಂಬಿ ಅರ್ಜಿದಾರರ ವಿರುದ್ಧ ನಿರ್ಧಾರ ಮಾಡಬಾರದೆಂದೂ ಕಾನೂನು ಹೇಳುತ್ತದೆ. ವೀಸಾದ ಅವಧಿ 4 ವರ್ಷ, ಜೊತೆಗೆ ಕೆಲಸದ ಪರವಾನಗಿ. 3 ವರ್ಷ ಕಳೆದ ಮೇಲೆ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ತೀರ್ಮಾನವಾಗುವವರೆಗಿನ ಕಾಯುವಿಕೆಯೇ ಕಷ್ಟದ ಕಾಲ. 2024ರ ಆಗಸ್ಟ್ 28ರಂದು ಜಾರಿಗೆ ಬಂದ ನಿಯಮಗಳು, ಅರ್ಜಿ ಮೇಲ್ನೋಟಕ್ಕೆ ಪ್ರಾಮಾಣಿಕವೆಂದು ಕಂಡವರಿಗೆ ಈ ಅವಧಿಯಲ್ಲೂ ದುಡಿಯುವ ಅವಕಾಶ ಕಲ್ಪಿಸಿದವು. ಅರ್ಜಿ ತಿರಸ್ಕೃತವಾದರೆ ಏನು ಗತಿ ಎಂಬ ಭಯವಂತೂ ಆಡಳಿತ ಬದಲಾದಂತೆ ಏರಿಳಿಯುತ್ತದೆ. 2018ರ ನವೆಂಬರಿನಲ್ಲಿ, ತಿರಸ್ಕೃತರಾಗಿ ಬೇರೆ ಸಕ್ರಮ ಸ್ಥಾನಮಾನವೂ ಇಲ್ಲದವರಿಗೆ ಗಡೀಪಾರು ವಿಚಾರಣೆಯ ನೋಟಿಸ್ ಕಳಿಸುವ ಪದ್ಧತಿ ಶುರುವಾಯಿತು. 2021ರಲ್ಲಿ ಅದನ್ನು ಕೈಬಿಡಲಾಯಿತು. ಇಂಥ ಪದ್ಧತಿ ಕಾಯಿದೆಯ ಮೂಲ ಆಶಯಕ್ಕೇ ಕೊಡಲಿಪೆಟ್ಟು: ಸಹಾಯ ಕೇಳಿದ್ದಕ್ಕೇ ಸಿಕ್ಕಿಬೀಳುವಂತಿದ್ದರೆ ಯಾರೂ ಸಹಾಯ ಕೇಳಲಾರರು.

ವೀಸಾ ಒಂದರಿಂದಲೇ ಹೊಟ್ಟೆ ತುಂಬದು. ಕೇಂದ್ರ ಆರೋಗ್ಯ ಮತ್ತು ಮಾನವ ಸೇವಾ ಇಲಾಖೆಯ ಪ್ರಮಾಣಪತ್ರ ಸಿಕ್ಕ ವಯಸ್ಕರಿಗೆ ನಿರಾಶ್ರಿತರಿಗೆ ಸಲ್ಲುವಂಥ ಸೌಲಭ್ಯಗಳು ದೊರೆಯುತ್ತವೆ: ವೈದ್ಯಕೀಯ ನೆರವು, ನಗದು, ಕೆಲಸ ಹುಡುಕಲು ಸಹಾಯ. ಮಕ್ಕಳಿಗೆ ಪ್ರತ್ಯೇಕ ಅರ್ಹತಾ ಪತ್ರವಿದ್ದು, ಅದಕ್ಕೆ ಪೊಲೀಸರೊಡನೆ ಸಹಕರಿಸಬೇಕೆಂಬ ಷರತ್ತಿಲ್ಲ. ತನಿಖೆ ನಡೆಯುವಾಗ ತಾತ್ಕಾಲಿಕವಾಗಿ ಉಳಿಯಲು ‘ಮುಂದುವರಿದ ವಾಸ’ದ ಅನುಮತಿಯೂ ಇದೆ, ಆದರೆ ಅದನ್ನು ಕೇಳಬೇಕಾದದ್ದು ತನಿಖಾ ಸಂಸ್ಥೆ, ಸಂತ್ರಸ್ತರು ತಾವಾಗಿ ಅರ್ಜಿ ಹಾಕುವಂತಿಲ್ಲ.

ಈ ವೀಸಾದ ಅಗತ್ಯವನ್ನು ಭಾರತೀಯರಿಗೆ ಹತ್ತಿರದಿಂದ ತೋರಿಸಿದ್ದು ಸಿಗ್ನಲ್ ಇಂಟರ್‌ನ್ಯಾಷನಲ್ ಪ್ರಕರಣ. 2005ರ ಕತ್ರಿನಾ ಚಂಡಮಾರುತದ ನಂತರ ಹಾನಿಗೊಂಡ ತೈಲ ಸ್ಥಾವರಗಳ ದುರಸ್ತಿಗೆಂದು ಈ ಕಂಪನಿ ಸುಮಾರು 500 ಮಂದಿ ಭಾರತೀಯ ವೆಲ್ಡರ್ ಹಾಗೂ ಪೈಪ್ ಫಿಟ್ಟರ್‌ಗಳನ್ನು ಮಿಸಿಸಿಪ್ಪಿಯ ಪ್ಯಾಸ್ಕಗೂಲ ಮತ್ತು ಟೆಕ್ಸಾಸಿನ ಆರೆಂಜ್ ಪಟ್ಟಣಗಳಿಗೆ ಕರೆಸಿಕೊಂಡಿತು. ಗ್ರೀನ್ ಕಾರ್ಡ್ ಸಿಗುತ್ತದೆಂಬ ಮಾತು ನಂಬಿ ಅವರು ದಲ್ಲಾಳಿಗಳಿಗೆ ತಲಾ 10,000 ಡಾಲರಿಗೂ ಹೆಚ್ಚು ಕೊಟ್ಟಿದ್ದರು. ಅದಕ್ಕಾಗಿ ಮನೆ ಅಡವಿಟ್ಟವರಿದ್ದರು, ಒಡವೆ ಮಾರಿದವರಿದ್ದರು, ಬಡ್ಡಿಸಾಲ ಎತ್ತಿದವರಿದ್ದರು. ಕೈಗೆ ಬಂದದ್ದು ತಾತ್ಕಾಲಿಕ ಕೆಲಸದ ಎಚ್-2ಬಿ ವೀಸಾ. ಶಿಬಿರದಲ್ಲಿ ಒಂದೊಂದು ಟ್ರೇಲರಿನಲ್ಲಿ 24 ಮಂದಿಯವರೆಗೆ ತುಂಬಿದ್ದರು. ಆ ವಾಸಕ್ಕೆ ತಿಂಗಳಿಗೆ 1,050 ಡಾಲರ್ ಸಂಬಳದಲ್ಲಿ ಕಡಿತ. ವೀಸಾ ಆ ಒಂದೇ ಕಂಪನಿಗೆ ಅಂಟಿಕೊಂಡಿದ್ದರಿಂದ ಕೆಲಸ ಬಿಟ್ಟರೆ ಗಡೀಪಾರು, ಊರಿಗೆ ಮರಳಿದರೆ ಸಾಲಗಾರರು. 2008ರ ಮಾರ್ಚಿನಲ್ಲಿ ಪ್ಯಾಸ್ಕಗೂಲದ ಕಾರ್ಮಿಕರು ಒಟ್ಟಾಗಿ ಹೊರನಡೆದು, ನ್ಯೂ ಆರ್ಲಿಯನ್ಸಿನಿಂದ ವಾಷಿಂಗ್ಟನ್‌ಗೆ ತೆರಳಿ ಉಪವಾಸ ಸತ್ಯಾಗ್ರಹ ಹೂಡಿದರು. ಮುಂದೆ ಅವರಲ್ಲಿ ಹಲವರಿಗೆ ಟಿ ವೀಸಾ ಸಿಕ್ಕಿತು, ಹೆಂಡತಿ ಮಕ್ಕಳೂ ಬಂದು ಸೇರಿದರು. 2015ರ ಫೆಬ್ರವರಿಯಲ್ಲಿ ನ್ಯೂ ಆರ್ಲಿಯನ್ಸಿನ ಜ್ಯೂರಿ ಐವರು ಕಾರ್ಮಿಕರಿಗೆ 1.4 ಕೋಟಿ ಡಾಲರ್ ಪರಿಹಾರ ಘೋಷಿಸಿತು. ಅದೇ ವರ್ಷ ಕಂಪನಿ ದಿವಾಳಿ ಅರ್ಜಿ ಹಾಕಿ, ಉಳಿದ ಮೊಕದ್ದಮೆಗಳನ್ನೂ ಸೇರಿಸಿ 2 ಕೋಟಿ ಡಾಲರಿಗೆ ರಾಜಿಯಾಗಿ ಕ್ಷಮೆ ಕೇಳಿತು.

ಅಂತರರಾಷ್ಟ್ರೀಯ ಮಟ್ಟದಲ್ಲಿ, 2000ದಲ್ಲೇ ಅಂಗೀಕಾರವಾದ ವಿಶ್ವಸಂಸ್ಥೆಯ ಪಲೆರ್ಮೊ ಪ್ರೋಟೊಕಾಲ್‌ನ 7ನೇ ವಿಧಿ, ಸಂತ್ರಸ್ತರನ್ನು ತಾತ್ಕಾಲಿಕವಾಗಿಯೋ ಕಾಯಂ ಆಗಿಯೋ ಉಳಿಸಿಕೊಳ್ಳುವ ಕ್ರಮಗಳನ್ನು ಪರಿಗಣಿಸುವಂತೆ ಸದಸ್ಯ ದೇಶಗಳಿಗೆ ಹೇಳುತ್ತದೆ. ಯೂರೋಪ್ ಮಂಡಳಿಯ 2005ರ ಒಪ್ಪಂದ ಕನಿಷ್ಠ 30 ದಿನಗಳ ಚೇತರಿಕೆಯ ಅವಧಿಯನ್ನು ಕಡ್ಡಾಯ ಮಾಡಿದೆ. ಭಾರತ 2011ರಲ್ಲಿ ಪಲೆರ್ಮೊ ಪ್ರೋಟೊಕಾಲನ್ನು ಅನುಮೋದಿಸಿದರೂ ಇಲ್ಲಿ ಟಿ ವೀಸಾದಂಥ ಪ್ರತ್ಯೇಕ ವೀಸಾ ಇಲ್ಲ. ಕಳ್ಳಸಾಗಣೆಗೆ ಬಲಿಯಾದವರೆಂದು ತನಿಖೆಯಲ್ಲಿ ಕಂಡುಬಂದ ವಿದೇಶಿ ಮಹಿಳೆಯರು ಮತ್ತು ಮಕ್ಕಳ ಮೇಲೆ ವಿದೇಶೀಯರ ಕಾಯಿದೆಯಡಿ ಮೊಕದ್ದಮೆ ಹೂಡಬಾರದೆಂದು ಕೇಂದ್ರ ಗೃಹ ಸಚಿವಾಲಯ 2012ರ ಮೇ 1ರಂದು ರಾಜ್ಯಗಳಿಗೆ ಸಲಹಾಪತ್ರ ಕಳಿಸಿತು. ಅಂಥವರನ್ನು ತಾಯ್ನಾಡಿಗೆ ಕಳಿಸುವವರೆಗೆ ಆಶ್ರಯಧಾಮಗಳಲ್ಲಿ ಇರಿಸಲಾಗುತ್ತದೆ. ಬಾಂಗ್ಲಾದೇಶದವರ ರಕ್ಷಣೆ ಮತ್ತು ಮರಳಿಕೆಗಾಗಿ ಎರಡೂ ದೇಶಗಳು 2015ರ ಜೂನ್‌ನಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿವೆ.