ಮಲ್ಟಿಆರ್ಚ್

ಮಲ್ಟಿಆರ್ಚ್ ಎಂಬುದು ಭಿನ್ನ ಸಂಸ್ಕಾರಕ ವಿನ್ಯಾಸಗಳಿಗೆ ಸಿದ್ಧಪಡಿಸಿದ ತಂತ್ರಾಂಶ ಪ್ಯಾಕೇಜುಗಳನ್ನು ಒಂದೇ ಗಣಕದಲ್ಲಿ ಅನುಸ್ಥಾಪಿಸಲು ಡೆಬಿಯನ್ ಕಾರ್ಯಾಚರಣ ವ್ಯವಸ್ಥೆಯಲ್ಲಿರುವ ವಿಧಾನ. ಇದು 2013ರಲ್ಲಿ ಬಿಡುಗಡೆಯಾದ ಡೆಬಿಯನ್ 7ರಿಂದ ಬಳಕೆಯಲ್ಲಿದೆ.

ಕಾರ್ಯವಿಧಾನ

ಹಿಂದೆ 64-ಬಿಟ್ ಗಣಕದಲ್ಲಿ 32-ಬಿಟ್ ತಂತ್ರಾಂಶ ನಡೆಸಲು ಬೇಕಾದ ಲೈಬ್ರರಿಗಳನ್ನು 'ಐಎ32-ಲಿಬ್ಸ್' ಎಂಬ ಒಂದೇ ಪ್ಯಾಕೇಜಿನಲ್ಲಿ ತುಂಬಲಾಗುತ್ತಿತ್ತು. ಮಲ್ಟಿಆರ್ಚ್‌ನಲ್ಲಿ ಪ್ರತಿ ವಿನ್ಯಾಸದ ಲೈಬ್ರರಿಗಳಿಗೂ ಪ್ರತ್ಯೇಕ ಕಡತಕೋಶವಿರುವುದರಿಂದ ಒಂದೇ ಹೆಸರಿನ ಲೈಬ್ರರಿಗಳು ಒಂದನ್ನೊಂದು ಅಳಿಸಿಹಾಕುವುದಿಲ್ಲ. ಗುಬ್ಬಿ, ನವಿಲು ಮುಂತಾದ ಕನ್ನಡ ಅಕ್ಷರಶೈಲಿಗಳ ಪ್ಯಾಕೇಜುಗಳು ಯಾವುದೇ ಸಂಸ್ಕಾರಕವನ್ನು ಅವಲಂಬಿಸದ ಕಾರಣ 'ಆಲ್' ವರ್ಗಕ್ಕೆ ಸೇರುತ್ತವೆ. ಎಲ್ಲ ಗಣಕಗಳಿಗೂ ಒಂದೇ ಪ್ಯಾಕೇಜು ಸಾಕಾಗುತ್ತದೆ.

ಮಹತ್ವ

2025ರ ಡೆಬಿಯನ್ 13ರಲ್ಲಿ 32-ಬಿಟ್ 'ಐ386' ವಿನ್ಯಾಸಕ್ಕೆ ಕರ್ನೆಲ್ ಹಾಗೂ ಅನುಸ್ಥಾಪಕಗಳನ್ನು ನೀಡುವುದು ನಿಂತಿತು. ಹೀಗಾಗಿ ಆ ವಿನ್ಯಾಸದ ಹಳೆಯ ಗಣಕಗಳು ಹೊಸ ಆವೃತ್ತಿಯಿಂದ ಹೊರಗುಳಿದಿವೆ. ಅವುಗಳಿಗಾಗಿ ರಚಿತವಾದ ತಂತ್ರಾಂಶಗಳು ಮಾತ್ರ ಮಲ್ಟಿಆರ್ಚ್ ಮೂಲಕ 64-ಬಿಟ್ ಗಣಕಗಳಲ್ಲಿ ಉಳಿದುಕೊಂಡಿವೆ.