ಗಪ್ಪಿ: ಬಾವಿಯಿಂದ ಗಾಜಿನ ತೊಟ್ಟಿಗೆ

‘ಗಪ್ಪೀ ಮಾಸೇ ಪಾಳಾ, ಹಿವತಾಪ ಟಾಳಾ’ ಎಂಬ ಮರಾಠಿ ಘೋಷಣೆ ಮಹಾರಾಷ್ಟ್ರದಲ್ಲಿ ನೆಲೆಸಿರುವ ಕನ್ನಡಿಗರಿಗೆ ಅಪರಿಚಿತವಲ್ಲ. ಗಪ್ಪಿ ಮೀನು ಸಾಕಿರಿ, ಮಲೇರಿಯಾ ತಪ್ಪಿಸಿರಿ ಎಂಬುದು ಅದರ ತಾತ್ಪರ್ಯ. ಅದೇ ಗಪ್ಪಿ ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳ ಅಕ್ವೇರಿಯಂ ಅಂಗಡಿಗಳಿಂದ ಪ್ಲಾಸ್ಟಿಕ್ ಚೀಲದಲ್ಲಿ ಕುಳಿತು ಫ್ಲಾಟುಗಳಿಗೆ ಬರುತ್ತದೆ. ಒಂದು ತಿಂಗಳೊಳಗೆ ಮರಿ ಹಾಕಿ ಮನೆಯ ಮಕ್ಕಳನ್ನು ಬೆರಗುಗೊಳಿಸುತ್ತದೆ. ಒಂದೆಡೆ ಸರ್ಕಾರದ ಔಷಧ, ಇನ್ನೊಂದೆಡೆ ಮಕ್ಕಳ ಆಟಿಕೆ. ಈ ಎರಡು ಪಾತ್ರಗಳ ಹಿಂದಿರುವುದು ಒಂದೇ ಚರಿತ್ರೆ. ಆ ಚರಿತ್ರೆಯನ್ನು ನಡೆಸಿದ್ದು ಮೀನಿನ ಒಂದೇ ಗುಣ: ಅದು ಮೊಟ್ಟೆ ಇಡುವುದಿಲ್ಲ, ಈಜಬಲ್ಲ ಮರಿಗಳನ್ನೇ ಹೆರುತ್ತದೆ.

ಗಪ್ಪಿಯ ತವರು ದಕ್ಷಿಣ ಅಮೆರಿಕದ ಈಶಾನ್ಯ ಭಾಗ ಮತ್ತು ಟ್ರಿನಿಡಾಡ್ ದ್ವೀಪ. ಜರ್ಮನಿಯ ವಿಲ್ಹೆಲ್ಮ್ ಪೀಟರ್ಸ್ 1859ರಲ್ಲಿ ವೆನಿಜುವೆಲಾದ ಮಾದರಿಗಳನ್ನು ನೋಡಿ ಇದಕ್ಕೆ ‘ಪೊಯಿಸಿಲಿಯಾ ರೆಟಿಕ್ಯುಲೇಟಾ’ ಎಂಬ ಶಾಸ್ತ್ರೀಯ ನಾಮ ಕೊಟ್ಟಿದ್ದರು. ಇತ್ತ ಟ್ರಿನಿಡಾಡಿನಲ್ಲಿ ಶಾಲೆಗಳ ಮೇಲ್ವಿಚಾರಣೆಯ ಸರ್ಕಾರಿ ಹುದ್ದೆಯಲ್ಲಿದ್ದುಕೊಂಡು ಬಿಡುವಿನ ವೇಳೆಯಲ್ಲಿ ಪ್ರಕೃತಿ ಅಧ್ಯಯನ ಮಾಡುತ್ತಿದ್ದ ರಾಬರ್ಟ್ ಜಾನ್ ಲೆಚ್ಮಿಯರ್ ಗಪ್ಪಿ ಎಂಬವರು ಕೆಲವು ಮೀನುಗಳನ್ನು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿಗೆ ಕಳುಹಿಸಿಕೊಟ್ಟರು. ಅಲ್ಲಿನ ಆಲ್ಬರ್ಟ್ ಗುಂಥರ್ ಇದು ಹೊಸ ಜಾತಿಯೆಂದು ಬಗೆದು 1866ರಲ್ಲಿ ಗಪ್ಪಿಯವರ ಹೆಸರನ್ನೇ ಇಟ್ಟರು. ಪೀಟರ್ಸರ ಹೆಸರು ಮೊದಲಿನದಾದ್ದರಿಂದ ಶಾಸ್ತ್ರ ಗುಂಥರರ ಹೆಸರನ್ನು ಕೈಬಿಟ್ಟಿತು, ಲೋಕ ಕೈಬಿಡಲಿಲ್ಲ. ಹೀಗೆ ಒಬ್ಬ ಶಾಲಾ ಅಧಿಕಾರಿಯ ಕುಲನಾಮ ಇಂದು ಮರಾಠಿಯಲ್ಲೂ ಕನ್ನಡದಲ್ಲೂ ಮೀನಿನ ಹೆಸರಾಗಿ ನಿಂತಿದೆ.

ಮೊಟ್ಟೆ ಇಡುವ ಮೀನನ್ನು ಹೊಸ ನೀರಿಗೆ ಒಗ್ಗಿಸುವುದು ಸುಲಭವಲ್ಲ. ಗಂಡು ಹೆಣ್ಣು ಎರಡೂ ಬೇಕು, ಮೊಟ್ಟೆ ಅಂಟಿಸಲು ತಕ್ಕ ಗಿಡ ಬೇಕು, ಮೊಟ್ಟೆಯನ್ನು ತಿನ್ನುವ ಬಾಯಿಗಳಿರಬಾರದು. ಗಪ್ಪಿಗೆ ಈ ಯಾವ ಕಟ್ಟಳೆಯೂ ಇಲ್ಲ. ಹೆಣ್ಣು ಒಮ್ಮೆ ಕೂಡಿದ ಗಂಡಿನ ಬೀಜವನ್ನು ತಿಂಗಳುಗಟ್ಟಲೆ ಒಡಲಲ್ಲಿ ಕಾಪಿಟ್ಟುಕೊಂಡು, ಸುಮಾರು ನಾಲ್ಕು ವಾರಗಳಿಗೊಮ್ಮೆ ಹೆರಬಲ್ಲದು. ಒಂದು ಜಾಡಿಯಲ್ಲಿ ಒಂದೇ ಬಸುರಿ ಮೀನು ಬದುಕಿ ತಲಪಿದರೂ ಸಾಕು, ಒಂದು ಬಾವಿಯ ಸಂತತಿ ಆರಂಭವಾಗುತ್ತದೆ. ಈ ಸೌಕರ್ಯ ವಿಜ್ಞಾನಿಗಳಿಗೂ ಒದಗಿತು. ಡೆನ್ಮಾರ್ಕಿನ ಯೊಹಾನೆಸ್ ಶ್ಮಿಟ್ 1920ರಲ್ಲಿ, ಅವರ ಬೆನ್ನಿಗೇ ಓಯ್ವಿಂಡ್ ವಿಂಗೆ 1922ರಲ್ಲಿ, ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ಬಣ್ಣದ ಗುರುತನ್ನು ತೋರಿಸಿಕೊಟ್ಟದ್ದು ಗಪ್ಪಿಯಲ್ಲಿಯೇ.

ಈ ಮೀನು ಮತ್ತು ಇದರ ಬಳಗದವು ನಮ್ಮ ದೇಶದಲ್ಲಿ ಬೇರೂರಿದ್ದು ಮಲೇರಿಯಾದ ಕಾರಣದಿಂದ. 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಅವರು ಸೊಳ್ಳೆಯ ಹೊಟ್ಟೆಯಲ್ಲಿ ರೋಗಾಣುವನ್ನು ಕಂಡ ಮೇಲೆ ಸರ್ಕಾರಗಳ ಕಣ್ಣು ನಿಂತ ನೀರಿನ ಮೇಲೆ ಬಿತ್ತು. ಮುಂಬಯಿಯಲ್ಲಿ ಆ ನಿಂತ ನೀರು ಮನೆಯಂಗಳದ ಬಾವಿಯದು. 1901ರಲ್ಲಿ ಲಿಸ್ಟನ್ ವರ್ಣಿಸಿದ ಅನಾಫಿಲಿಸ್ ಸ್ಟೀಫೆನ್ಸಿ ಎಂಬ ಸೊಳ್ಳೆ ಬಾವಿ ಮತ್ತು ನೀರಿನ ತೊಟ್ಟಿಗಳಲ್ಲಿ ಹುಟ್ಟುತ್ತದೆಂದು ಖಚಿತವಾಯಿತು. 1911ರಲ್ಲಿ ಬೆಂಟ್ಲಿಯವರು ನಗರದ ಮಲೇರಿಯಾ ಕುರಿತು ವರದಿ ಸಲ್ಲಿಸಿದರು. ಬಾವಿಗಳನ್ನು ಮುಚ್ಚುವ ಕೆಲಸಕ್ಕೆ ಬಲ ಬಂತು. ಆದರೆ ಬಾವಿಯ ನೀರು ಪೂಜೆಗೆ ಬೇಕಿತ್ತು. 1725ರಲ್ಲಿ ತೋಡಿದ, ಪಾರಸಿಗಳು ಪವಿತ್ರವೆಂದು ಕಾಣುವ ಭಿಖಾ ಬೆಹ್ರಾಮ್ ಬಾವಿ ಇಂದಿಗೂ ಚರ್ಚ್‌ಗೇಟಿನ ಬಳಿ ಉಳಿದಿದೆ. ಮುಚ್ಚಲೂ ಆಗದ, ಹಾಗೆಯೇ ಬಿಡಲೂ ಆಗದ ಇಂಥ ನೀರಿಗೆ ಸೊಳ್ಳೆಯ ಮರಿಹುಳುಗಳನ್ನು ತಿನ್ನುವ ಮೀನು ಒಂದು ಮಧ್ಯಮಾರ್ಗ.

ಆ ಮೀನನ್ನು ಹೊರದೇಶದಿಂದಲೇ ತರಬೇಕೆಂಬ ಅಗತ್ಯವಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. 1912ರಲ್ಲಿಯೇ ಕಲ್ಕತ್ತದ ಇಂಡಿಯನ್ ಮ್ಯೂಸಿಯಮ್ಮಿನ ಸೆವೆಲ್ ಮತ್ತು ಚೌಧುರಿಯವರು ಸೊಳ್ಳೆ ನಾಶಕ್ಕೆ ಒದಗುವ ಭಾರತೀಯ ಮೀನುಗಳ ಬಗ್ಗೆಯೇ ಒಂದು ಪುಸ್ತಿಕೆ ಹೊರತಂದಿದ್ದರು. ಅಂಥ ದೇಶೀಯ ಮೀನುಗಳಲ್ಲಿ ಪ್ಯಾಂಚಾಕ್ಸ್ ಕುಟುಂಬದವು ಮುಖ್ಯ. ಪಶ್ಚಿಮ ಘಟ್ಟದ ತೊರೆಗಳಲ್ಲಿ, ನೀರಿನ ಮೇಲ್ಪದರದಲ್ಲಿಯೇ ತೇಲುತ್ತಾ, ತಲೆಯ ಮೇಲಿನ ಬೆಳ್ಳಿ ಚುಕ್ಕೆಯಿಂದ ಗುರುತಾಗುವ ಪಟ್ಟೆ ಪ್ಯಾಂಚಾಕ್ಸ್ ಶಾಸ್ತ್ರಕ್ಕೆ ಮೊದಲು ಪರಿಚಯವಾದದ್ದು 1846ರಲ್ಲಿ, ಮುಂಬಯಿಯ ಮಾದರಿಗಳಿಂದಲೇ. ಆದರೆ ಅದು ಗಿಡಗಳಿಗೆ ದಿನಕ್ಕೆ ಕೆಲವೇ ಮೊಟ್ಟೆಗಳನ್ನು ಅಂಟಿಸುವ ಮೀನು. ಎಣಿಸಿ, ಸಾಗಿಸಿ, ಹಂಚಿ, ಲೆಕ್ಕ ಒಪ್ಪಿಸಲು ಮರಿ ಹಾಕುವ ಮೀನೇ ಅನುಕೂಲ. ಸರ್ಕಾರಿ ಕಡತಗಳೊಡನೆ ಬದುಕುವ ನನ್ನಂಥವರಿಗೆ ಇದು ಸುಲಭವಾಗಿ ಅರ್ಥವಾಗುವ ಸಂಗತಿ: ಯೋಜನೆಯೊಳಗೆ ಸೇರುವುದು ಅತ್ಯುತ್ತಮವಾದದ್ದಲ್ಲ, ಹಂಚಲು ಬರುವಂಥದ್ದು.

ಗಪ್ಪಿಯ ಸೋದರಸಂಬಂಧಿಯಾದ ಗ್ಯಾಂಬೂಸಿಯಾ ಮೀನಿನ ಪ್ರಯಾಣ ಇದಕ್ಕೆ ಸಾಕ್ಷಿ. ಅಮೆರಿಕದ ಈ ಮೀನನ್ನು 1905ರಲ್ಲಿ ಟೆಕ್ಸಾಸಿನಿಂದ ಹವಾಯಿಗೆ ಒಯ್ದರು. 1920ರ ದಶಕದ ಆರಂಭದಲ್ಲಿ ಅದು ಸ್ಪೇನ್, ಇಟಲಿಗಳನ್ನು ತಲಪಿತು. ಇಟಲಿಯಿಂದ 1928ರಲ್ಲಿ ಅದನ್ನು ಭಾರತಕ್ಕೆ ತಂದವರು ಡಾ. ಬಿ. ಎ. ರಾವ್. ಮೈಸೂರು ಸಂಸ್ಥಾನವು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನಕ್ಕೆ ತೊಡಗಿದ್ದ ಕಾಲ ಅದು. ಇದೇ ರಾವ್ ಅವರು ಸ್ವೀಟ್ ಎಂಬ ಅಮೆರಿಕನ್ ತಜ್ಞರೊಡನೆ ಮುಂಬಯಿಯ ಬಾವಿಗಳ ಆ ಸ್ಟೀಫೆನ್ಸಿ ಸೊಳ್ಳೆಯನ್ನೇ ಪರೀಕ್ಷಿಸಿ, 1937ರಲ್ಲಿ ಅದರ ಇನ್ನೊಂದು ಬಗೆಯನ್ನು ‘ಮೈಸೊರೆನ್ಸಿಸ್’ ಎಂದು ಬೇರ್ಪಡಿಸಿದರು. ಸೊಳ್ಳೆಯ ಶಾಸ್ತ್ರದಲ್ಲಿ ನಮ್ಮ ಮೈಸೂರಿನ ಹೆಸರು ಹೀಗೆ ಸೇರಿದೆ.

ಗಪ್ಪಿಯ ಸರದಿ ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡದಾಗಿ ಬಂದದ್ದು ಶತಮಾನದ ಕೊನೆಯಲ್ಲಿ. ರೇಷ್ಮೆ ಸಾಕುವ ಮನೆಯವರು ಕೀಟನಾಶಕ ಸಿಂಪಡಣೆಗೆ ಬಾಗಿಲು ತೆರೆಯರು. ಸೊಳ್ಳೆಯನ್ನು ಕೊಲ್ಲುವ ಮದ್ದು ರೇಷ್ಮೆಹುಳುವನ್ನೂ ಕೊಲ್ಲುತ್ತದೆ. 1990ರ ದಶಕದಲ್ಲಿ ಮಲೇರಿಯಾ ಸಂಶೋಧಕರು ಕೋಲಾರ ಜಿಲ್ಲೆಯ ಕಾಮಸಮುದ್ರದಂಥ ಕಡೆಗಳಲ್ಲಿ ಬಾವಿಗಳಿಗೆ ಗಪ್ಪಿಯನ್ನೂ ಕೆರೆಕುಂಟೆಗಳಿಗೆ ಗ್ಯಾಂಬೂಸಿಯಾವನ್ನೂ ಬಿಟ್ಟರು. ಜ್ವರ ಗಣನೀಯವಾಗಿ ಇಳಿಯಿತು. 2001ರ ಡಿಸೆಂಬರಿನಲ್ಲಿ ರಾಜ್ಯದ ಒಂದು ಮಲೇರಿಯಾಪೀಡಿತ ಜಿಲ್ಲೆಯಲ್ಲಿ ಮೂವತ್ತು ಮಂದಿ ಸ್ಥಳೀಯ ಕಲಾವಿದರು ಎರಡು ವಾರ ಸಂಜೆ ಹೊತ್ತು ಕಲಾಜಾಥಾ ನಡೆಸಿ ಮಲೇರಿಯಾ ತಡೆಯುವ ಬಗೆಯನ್ನು ಊರೂರಿಗೆ ತಿಳಿಸಿದರು. ಆರೋಗ್ಯ ಇಲಾಖೆಯ ಕನ್ನಡದಲ್ಲಿ ಈ ಮೀನಿಗೆ ‘ಲಾರ್ವಾಹಾರಿ’ ಎಂಬ ಗಂಭೀರ ಬಿರುದೂ ಇದೆ.

ನಗರದಲ್ಲಿ ಬಾವಿಗಳು ಮರೆಯಾದಂತೆ ಮೀನು ಗಾಜಿನೊಳಗೆ ಸೇರಿತು. 1951ರಲ್ಲಿ ಪಾರಸಿ ದಾನಿಯೊಬ್ಬರ ನೆರವಿನಿಂದ ಮರೀನ್ ಡ್ರೈವ್‌ನಲ್ಲಿ ತೆರೆದ ತಾರಾಪೊರೆವಾಲಾ ಮತ್ಸ್ಯಾಲಯವು ಮೀನನ್ನು ಗಾಜಿನ ಹಿಂದೆ ನಿಲ್ಲಿಸಿ ನೋಡುವ ರುಚಿಯನ್ನು ಮುಂಬಯಿಯ ತಲೆಮಾರುಗಳಿಗೆ ಹತ್ತಿಸಿತು. ಎರಡು ಕೋಣೆಯ ಫ್ಲಾಟಿನಲ್ಲಿ ಹಸು ಇರಲಿ, ನಾಯಿಗೂ ಎಡೆಯಿಲ್ಲ. ಗಪ್ಪಿಗೆ ಕಿಟಕಿಯ ಅಂಚು ಸಾಕು. ಇಲ್ಲಿನ ಮಕ್ಕಳು ಒಂದು ಜೀವದ ಹೆರಿಗೆಯನ್ನು ಕಣ್ಣಾರೆ ಕಾಣುವುದು ಬಹುಮಟ್ಟಿಗೆ ಈ ತೊಟ್ಟಿಯಲ್ಲಿಯೇ.

ಹುಟ್ಟಿದ ಮರಿ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪವೇ ಉದ್ದ. ಹುಟ್ಟುತ್ತಲೇ ಅದಕ್ಕೆ ಎದುರಾಗುವ ಅಪಾಯ ತಾಯಿಯ ಬಾಯಿ. ಆದ್ದರಿಂದ ಸಾಕುವವರು ಹೈಡ್ರಿಲ್ಲಾ ಗಿಡವನ್ನು ದಟ್ಟವಾಗಿ ತುಂಬುತ್ತಾರೆ, ಇಲ್ಲವೇ ಹೆರಿಗೆಯಾದೊಡನೆ ತಾಯಿಯನ್ನು ಬೇರ್ಪಡಿಸುತ್ತಾರೆ. ನಲ್ಲಿಯ ನೀರನ್ನು ಅಗಲವಾದ ಪಾತ್ರೆಯಲ್ಲಿ ಒಂದೆರಡು ದಿನ ತೆರೆದಿಟ್ಟು ಕ್ಲೋರಿನ್ ಹೋಗಲು ಬಿಡಬೇಕು. ಬೇಯಿಸಿದ ಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಹಿಂಡಿ ಸಾಸಿವೆಯಷ್ಟು ಕೊಡಬಹುದು. ಹೆಚ್ಚಾದರೆ ನೀರು ಕೆಡುತ್ತದೆ. ಆಗತಾನೇ ಒಡೆದ ಆರ್ಟೀಮಿಯಾ ಮರಿಗಳು ಅದಕ್ಕಿಂತ ಉತ್ತಮ ಆಹಾರ. ಮರಿ ಎಳೆಯದಿರುವಾಗ ಫಿಲ್ಟರಿನ ಬಾಯಿಗೆ ಸ್ಪಂಜು ಕಟ್ಟಬೇಕು. ಇಷ್ಟು ಮಾಡಿದರೆ ಎರಡು ಮೂರು ತಿಂಗಳಲ್ಲಿ ಮರಿಗಳೇ ತಾಯಂದಿರು.

ನಿಜವಾದ ಪ್ರಶ್ನೆ ಏಳುವುದು ಆಗ. ತೊಟ್ಟಿ ತುಂಬಿತು, ಹೆಚ್ಚಾದುದನ್ನು ಏನು ಮಾಡುವುದು? ಠಾಣೆಯ ಮಾಸುಂದಾ ಕೆರೆಗೋ ಉಲ್ಹಾಸ್ ನದಿಗೋ ಬಿಟ್ಟುಬಿಡುವುದು ಪುಣ್ಯಕಾರ್ಯವೆಂದು, ಸೊಳ್ಳೆಯನ್ನೂ ತಿನ್ನುತ್ತದಲ್ಲ ಎಂದು, ಮನಸ್ಸು ಹೇಳುತ್ತದೆ. ಆದರೆ ಒಂದು ಬಸುರಿ ಮೀನಿನಿಂದ ಬಾವಿ ತುಂಬಿಸಿದ ಗುಣವೇ ಕೆರೆಯಲ್ಲಿ ಕೇಡಾಗುತ್ತದೆ. ಬಾವಿ ನಾಲ್ಕು ಗೋಡೆಗಳ ಲೋಕ, ನದಿಗೆ ಗೋಡೆಯಿಲ್ಲ. ಮಲೇರಿಯಾ ಅಧಿಕಾರಿಗಳು ಹೊತ್ತು ತಿರುಗಿದ ಗ್ಯಾಂಬೂಸಿಯಾ ಇಂದು ಜಗತ್ತಿನ ನೂರು ಅತಿ ಹಾನಿಕರ ಅನ್ಯದೇಶೀಯ ಜೀವಿಗಳ ಪಟ್ಟಿಯಲ್ಲಿದೆ. ಸ್ಥಳೀಯ ಮೀನು, ಕಪ್ಪೆಗಳ ಮೊಟ್ಟೆ ಮರಿಗಳನ್ನು ತಿನ್ನುವುದು ಅದರ ಮೇಲಿನ ಮುಖ್ಯ ಆರೋಪ. ಗಪ್ಪಿಯೂ ಹಲವು ದೇಶಗಳ ನೀರಿನಲ್ಲಿ ಕರೆಯದ ನೆಂಟ.

ಇದರಿಂದ ಗಪ್ಪಿಯ ಉಪಕಾರ ಅಳಿಸಿಹೋಗುವುದಿಲ್ಲ. ಕೋಲಾರದ ಬಾವಿಗಳಲ್ಲಿ ಅದು ಮನುಷ್ಯರ ಜೀವ ಉಳಿಸಿದೆ. ಯಾವ ನೀರಿಗೆ ಬಿಡಬೇಕೆಂಬುದನ್ನು ಆರೋಗ್ಯ ಇಲಾಖೆಯವರು ನಿರ್ಧರಿಸಲಿ. ಮನೆಯಲ್ಲಿ ಹೆಚ್ಚಾದ ಮರಿಗಳನ್ನು ನೆರೆಯ ಮಕ್ಕಳಿಗೆ ಕೊಡಬಹುದು, ಅಂಗಡಿಗೆ ಹಿಂದಿರುಗಿಸಬಹುದು, ಗಂಡು ಹೆಣ್ಣುಗಳನ್ನು ಎಳೆಯದರಲ್ಲೇ ಬೇರ್ಪಡಿಸಿ ಸಂತತಿಯನ್ನು ಮಿತಿಗೊಳಿಸಬಹುದು. ಮುಂದಿನ ಮಳೆಗಾಲದಲ್ಲಿ ಘಟ್ಟದ ಕಡೆ ಹೋದಾಗ ತೊರೆಯ ಅಂಚಿನಲ್ಲಿ ನಿಂತು ನೀರಿನ ಮೇಲ್ಪದರವನ್ನು ಗಮನಿಸಿ. ಬೆಳ್ಳಿ ಚುಕ್ಕೆಯೊಂದು ಸರಿದರೆ, ಅದು 1846ರಿಂದಲೂ ಮುಂಬಯಿಯ ವಿಳಾಸವಿರುವ, ಯಾವ ಘೋಷಣೆಯಲ್ಲೂ ಹೆಸರು ಬಾರದ ಮೀನು.